ನೋಡತಕ್ಕ ಚಿತ್ರವೋ, ಬಿಡತಕ್ಕ ಚಿತ್ರವೋ?

ವಿಮರ್ಶಕರು ಹಳಿದ ಚಲಚ್ಚಿತ್ರಕ್ಕೆ ಮನೆಮಂದಿ ಹಣ ತೆರಬಹುದೇ ಎಂಬ ಪ್ರಶ್ನೆಯು ಈ ಅಂಕಣಕ್ಕೆ ತಕ್ಕುದಲ್ಲವೆಂದು ಕೆಲವು ವಾಚಕ ಮಹಾಶಯರು ಹುಬ್ಬೇರಿಸಬಹುದು. ಆದರೆ ಇದರ ದೆಸೆಯಿಂದ ನನ್ನ ಮೊಮ್ಮಗಳಿಗೆ ಅನ್ಯಾಯವೆಸಗುವುದರಲ್ಲಿದ್ದೆನಾದುದರಿಂದ ಬರೆಯದೆ ಇರಲಾರೆನು.

2021ನೆಯ ಇಸವಿಯ ನವೆಂಬರ್ ತಿಂಗಳಲ್ಲಿ ‘ಎಟರ್ನಲ್ಸ್’ ಎಂಬ ಅಮೆರಿಕದ ಚಿತ್ರವು ತೆರೆಗೆ ಬಂದಿತು. ಸಾವಿರಾರು ವರ್ಷಗಳಿಂದ ಭೂಮಿಯಲ್ಲಿ ಮರೆಯಾಗಿ ನೆಲೆಸಿದ ಹತ್ತು ಮಂದಿ ಅತಿಮಾನುಷ ವೀರರ ಕಥೆಯದು. ಹನ್ನೊಂದು ವರ್ಷದ ಮೊಮ್ಮಗಳು ಅದನ್ನು ನೋಡಲೇಬೇಕೆಂದು ಹಟ ಹಿಡಿದಳು. ವಿಮರ್ಶೆಗಳನ್ನೆಲ್ಲ ಒಟ್ಟುಗೂಡಿಸಿ ಲೆಕ್ಕಹಾಕುವ ‘ರಾಟನ್ ಟೊಮ್ಯಾಟೋಸ್’ ಎಂಬುದೊಂದು ಉಂಟಷ್ಟೆ. (ಕೊಳೆತ ಟೊಮೇಟೋ! ಹೆಸರಿಡುವುದರಲ್ಲಿಯೂ ಒಂದು ಔಚಿತ್ಯ ಬೇಡವೇ?) ಅಲ್ಲಿ ಆ ಚಿತ್ರಕ್ಕೆ ಸಂದುದು ನೂರಕ್ಕೆ 47 ಮಾತ್ರ. ಮಾರ್ವೆಲ್ ಸಂಸ್ಥೆಯ ಆ ಚಿತ್ರಮಾಲೆಯಲ್ಲಿ ‘ಕೊಳೆತದ್ದು’ ಎಂಬ ಮುದ್ರೆ ಬಿದ್ದುದು ಅದೇ ಮೊದಲು. ನಾನು ಆಗತಾನೆ ನಿವೃತ್ತನಾಗಿದ್ದೆನು. ಉತ್ತರಪತ್ರಿಕೆಗಳನ್ನು ತಿದ್ದಿದ ಕೈಯ ಚಪಲವು ಇನ್ನೂ ಹೋಗಿರಲಿಲ್ಲ. “ಇದು ನಪಾಸು, ಹೋಗಕೂಡದು” ಎಂದು ತೀರ್ಪು ಕೊಟ್ಟುಬಿಟ್ಟೆನು.

ಹುಡುಗಿಗೆ ಹುಟ್ಟಿದಂದಿನಿಂದ ಕಿವಿ ಕೇಳಿಸದು. ನಮ್ಮ ಮನೆಯ ವಾದಗಳೆಲ್ಲ ಕೈಸನ್ನೆಯಲ್ಲಿಯೋ ಹಲಗೆಯ ಮೇಲೆಯೋ ನಡೆಯುವುವು. ಅವಳು ಹಲಗೆಯನ್ನು ತಂದು ಬರೆದಳು: “ತಾತ, ನಿಮ್ಮ ಶಾಲೆಯಲ್ಲಿ ನೂರು ಮಂದಿಯಲ್ಲಿ 47 ಮಂದಿ ಪಾಸಾದರೆ, ಒಬ್ಬೊಬ್ಬರಿಗೂ 47 ಅಂಕ ಬಂದಿತೆಂದು ಅರ್ಥವೇ?”

ನಾನು ನಿರುತ್ತರನಾದೆನು. ವಿಚಾರಿಸಲಾಗಿ ಅವಳ ಮಾತೇ ಸರಿ. ಆ ಸಂಖ್ಯೆಯು ಚಿತ್ರದ ಗುಣವನ್ನು ಅಳೆದುದಲ್ಲ, ಮೆಚ್ಚಿ ಬರೆದ ವಿಮರ್ಶಕರನ್ನು ಎಣಿಸಿದುದು. ಎಲ್ಲರೂ ‘ಪರವಾಯಿಲ್ಲ’ ಎಂದ ಸಾಧಾರಣ ಚಿತ್ರಕ್ಕೆ ನೂರಕ್ಕೆ ನೂರು. ಅರ್ಧ ಮಂದಿ ಕೊಂಡಾಡಿ ಅರ್ಧ ಮಂದಿ ಹಳಿದುದಕ್ಕೆ ಐವತ್ತು. ಅರುವತ್ತಕ್ಕೆ ಕಡಿಮೆಯಾದರೆ ಕೊಳೆತದ್ದೆಂದೇ ಲೆಕ್ಕ.

ಮಮ್ಮಟನು ಕಾವ್ಯಪ್ರಕಾಶದಲ್ಲಿ ದೋಷವು ಪದದಲ್ಲಿರುವುದೋ, ವಾಕ್ಯದಲ್ಲೋ, ಅರ್ಥದಲ್ಲೋ, ರಸದಲ್ಲೋ ಎಂದು ಬಿಡಿಸಿ ವಿಚಾರಿಸುವನು. ಅದನ್ನು ಓದಿಕೊಂಡ ನಾನು ಬರಿಯ ಸಂಖ್ಯೆಗೆ ಮರುಳಾದೆನಲ್ಲಾ ಎಂದು ನಾಚಿ, ವಿಮರ್ಶೆಗಳನ್ನೇ ಓದಲು ಕುಳಿತೆನು. ಪಾತ್ರಗಳು ಅತಿಯಾದುವು, ಎರಡೂವರೆ ಗಂಟೆಗೂ ಮಿಕ್ಕ ದೀರ್ಘತೆ, ಕಥೆಯನ್ನು ವಿವರಿಸುವ ಮಾತೇ ಹೆಚ್ಚು ಎಂಬಿವು ಮುಖ್ಯವಾದ ಆಕ್ಷೇಪಗಳು. ಹುಡುಗಿಯ ಹಟಕ್ಕೆ ಕಾರಣವೂ ಅಲ್ಲಿಯೇ ದೊರೆಯಿತು. ಮಕ್ಕರಿ ಎಂಬ ವೇಗಶಾಲಿನಿಯ ಪಾತ್ರವನ್ನು ವಹಿಸಿದ ಲಾರೆನ್ ರಿಡ್‌ಲಾಫ್ ಎಂಬಾಕೆಗೆ ಕಿವಿ ಕೇಳಿಸದು, ಪಾತ್ರಕ್ಕೂ ಅಷ್ಟೆ. ಆ ಚಿತ್ರಮಾಲೆಯಲ್ಲಿ ಅಂತಹ ವೀರೆ ಅದಕ್ಕೆ ಮೊದಲು ಬಂದಿರಲಿಲ್ಲ. ಇದನ್ನು ಮಗುವು ನನಗೆ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಹೋದೆವು. ಟಿಕೆಟ್ಟಿನ ಬೆಲೆಗೆ ಸೊಸೆಯು ಗೊಣಗಿಕೊಂಡಳು.

ವಿಮರ್ಶಕರು ಸುಳ್ಳು ಹೇಳಿರಲಿಲ್ಲ. ಗುಪ್ತರ ಕಾಲದ ವಿವಾಹದ ದೃಶ್ಯವೊಂದು ಬಂದಾಗ ನೆಟ್ಟಗೆ ಕುಳಿತೆನು. ಅದು ಬೇಗನೆ ಮುಗಿಯಿತು. ಬಳಿಕ ಎರಡಾವರ್ತಿ ಜೊಂಪು ಹತ್ತಿತು. ಮೊಮ್ಮಗಳು ಮಾತ್ರ ಕಣ್ಣು ಕೀಳಲಿಲ್ಲ. ಮಕ್ಕರಿಯ ಸನ್ನೆಗಳು ಅಮೆರಿಕದ ಸನ್ನೆಗಳು, ನಮ್ಮ ದೇಶದವು ಬೇರೆ. ಆದಕಾರಣ ಅರ್ಥಕ್ಕೆ ತೆರೆಯ ಅಡಿಯ ಬರಹವೇ ಗತಿಯಾಗಿತ್ತು. ಆದರೂ ಉಳಿದ ವೀರರು ಆಕೆಯೊಡನೆ ಕೈಯಿಂದಲೇ ಮಾತನಾಡುವುದನ್ನು ಕಂಡು, ನನ್ನ ತೋಳನ್ನು ಹಿಡಿದು ಅಲುಗಿಸಿಬಿಟ್ಟಳು.

ಮನೆಗೆ ಬಂದು ತನ್ನ ವಿಮರ್ಶೆಯನ್ನೂ ಬರೆದಳು: “ಮಕ್ಕರಿ ಬಂದದ್ದು ಸ್ವಲ್ಪವೇ ಹೊತ್ತು. ಇನ್ನೂ ಇರಬೇಕಾಗಿತ್ತು.” ಪಾತ್ರಗಳು ಅತಿಯಾದುವೆಂದು ವಿಮರ್ಶಕರು ದೂರಿದುದೂ ಇದನ್ನೇ ಅಲ್ಲವೇ! ಎರಡು ದಿನ ಆ ಹಲಗೆಯನ್ನು ಒರೆಸಬಾರದೆಂದು ಸೊಸೆಗೆ ಹೇಳಿದೆನು.