ಬೀಳು ಹೊಲಕ್ಕೆ ಮೊದಲು ಕಾಲು ಇಳಿಯಲಿ, ಆಮೇಲೆ ಟ್ರ್ಯಾಕ್ಟರ್

ಭರಣಿ ಮಳೆ ಒಂದು ಹದ ಬಿದ್ದರೆ ಸಾಕು, ನನಗೆ ಫೋನ್ ಶುರು. "ಅಣ್ಣಾ, ಐದಾರು ವರ್ಷದಿಂದ ಬೀಳು ಬಿದ್ದಿರೋ ಹೊಲ, ರೋಟವೇಟರ್ ಹಾಕಿ ಒಂದ್ಸಲ ಹೊಡೆದುಕೊಟ್ಟುಬಿಡು." ಒಳಗೆ ಏನಿದೆ ಅಂತ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: "ಏನೂ ಇಲ್ಲ ಕಣಣ್ಣ, ಬರೀ ಗಿಡ."

ಈ "ಏನೂ ಇಲ್ಲ" ಅನ್ನೋ ಮಾತಿನ ಮೇಲೇ ಇವತ್ತು ನನ್ನ ಜಗಳ.

ಹೋದ ವರ್ಷ ಇಂಥದ್ದೇ ಒಂದು ಹೊಲದಲ್ಲಿ ಲಂಟಾನ ಮೆಳೆಯೊಳಗೆ ಹಳೇ ಬೇಲಿಯ ಮುಳ್ಳುತಂತಿ ಇತ್ತು. ರೋಟವೇಟರ್ ಶಾಫ್ಟಿಗೆ ಸುತ್ತಿಕೊಂಡು ಸೀಲ್ ಹರಿದು, ಆಯಿಲ್ ಸೋರಿ, ಬೇರಿಂಗ್ ಹೋಯ್ತು. ಹೊಲದವರು ಎರಡು ಗಂಟೆ ಬಾಡಿಗೆ ಕೊಟ್ಟು ಕೈ ತೊಳೆದುಕೊಂಡರು. ನಾನೇನು ಮಾಡಿದೆ? ಡ್ರೈವರ್ ಹುಡುಗನ್ನ ಬೈದು, ಅವನ ಸಂಬಳದಲ್ಲಿ ಹಿಡಿದೆ. ಆಳೆತ್ತರ ಗಿಡದೊಳಗೆ ಸೀಟಿನ ಮೇಲೆ ಕೂತವನಿಗೆ ನೆಲದ ತಂತಿ ಹೇಗೆ ಕಾಣುತ್ತೆ? ಈ ಯುಗಾದಿಗೆ ಆ ದುಡ್ಡು ವಾಪಸ್ ಕೊಟ್ಟೆ. ತಪ್ಪು ಅವನದ್ದಲ್ಲ. ನೋಡದೇ ಕಳಿಸಿದ ನನ್ನದು, ನೋಡದೇ "ಏನೂ ಇಲ್ಲ" ಅಂದ ಹೊಲದವರದ್ದು.

"ಕೈಲಿ ಕಡಿಸೋಕೆ ಆಳು ಎಲ್ಲಿ ಸಿಗ್ತಾರೆ, ಕೂಲಿ ಯಾರು ಕೊಡ್ತಾರೆ" ಅಂತೀರಿ. ನಿಜ. ಇಡೀ ಹೊಲ ಕೈಲಿ ಕಡೀರಿ ಅಂತ ನಾನೂ ಹೇಳ್ತಿಲ್ಲ. ಅರ್ಧ ದಿನ ಮಚ್ಚು ಹಿಡಿದು ಒಳಗೆ ಓಡಾಡಿ ಅಂತಿದ್ದೀನಿ. ಹೊಲ ಬಲ್ಲ ಹಿರಿಯರೊಬ್ಬರನ್ನ ಜೊತೆಗೆ ಕರ್ಕೊಳ್ಳಿ. ಕಲ್ಲುಗುಂಡು, ಹುತ್ತ, ಬೋರ್‌ವೆಲ್ ಕೇಸಿಂಗ್, ಬಾಂದು ಕಲ್ಲು, ಎಲ್ಲದರ ಪಕ್ಕ ಕೋಲು ನೆಟ್ಟು ಬಿಳಿ ಬಟ್ಟೆ ಕಟ್ಟಿ. ಕಟ್ಟೆ ಇಲ್ಲದ ಹಾಳುಬಾವಿ ಇದ್ದರಂತೂ ಸುತ್ತ ದೂರಕ್ಕೇ ಗುರುತು ಹಾಕಿ. ಬೇರಿಂಗ್ ಹೋದರೆ ಹೊಸದು ಬರುತ್ತೆ, ಬಾವಿಗೆ ಬಿದ್ದ ಹುಡುಗ ಬರಲ್ಲ.

ಇನ್ನು ಕೆಲವರದ್ದು ಬೆಂಕಿ ಉಪಾಯ. ಸುಟ್ಟರೆ ಎಲ್ಲ ಕಾಣುತ್ತಂತೆ! ಸುಡೋದು ಸೊಪ್ಪು, ಬೊಡ್ಡೆ ಹಾಗೇ ಬೂದಿಯೊಳಗೆ ಕೂತಿರುತ್ತೆ. ಗಾಳಿ ತಿರುಗಿದರೆ ಪಕ್ಕದವರ ತೆಂಗಿನ ಸಸಿಗೆ ಯಾರು ಜವಾಬ್ದಾರಿ?

ಬಳ್ಳಾರಿ ಜಾಲಿ ಕಡಿಯೋರಿಗೂ ಒಂದು ಮಾತು. ಮಚ್ಚಲ್ಲಿ ಓರೆಯಾಗಿ ಕಡಿದು ಮೊಳದುದ್ದ ಬೊಡ್ಡೆ ಬಿಡ್ತೀರಲ್ಲ, ಅದು ಈಟಿ. ಟೈರಿನ ಪಕ್ಕಕ್ಕೆ ಚುಚ್ಚಿದರೆ ಪಂಚರ್ ಹಾಕಿಸಿ ಪ್ರಯೋಜನ ಇಲ್ಲ, ಟೈರೇ ಹೋಯ್ತು. ಕೆಳಗಿಂದ ತಗುಲಿದರೆ ಆಯಿಲ್ ಸಂಪ್. ಮೇಲೆ ಕಡಿದಷ್ಟೂ ಜಾಲಿ ನಾಲ್ಕು ಕವಲಾಗಿ ಚಿಗುರುತ್ತೆ ಬೇರೆ. ಪಿಕಾಸಿ ಹಾಕಿ ಮಣ್ಣಿನೊಳಗೆ ಬೇರು ಸಮೇತ ತೆಗೀರಿ. ದಪ್ಪ ಇದ್ದರೆ ಜೆಸಿಬಿ ಕರೆಸಿ, ಅದು ಟ್ರ್ಯಾಕ್ಟರ್ ಕೆಲಸ ಅಲ್ಲ.

ರೋಟವೇಟರ್ ಯಾವತ್ತೂ ಕೊನೆಗೆ. ಮೊದಲು ಸ್ಪ್ರಿಂಗ್ ಇರೋ ಕಲ್ಟಿವೇಟರ್, ಲೋ ಗೇರಲ್ಲಿ. ಕಲ್ಲು ಸಿಕ್ಕಿದರೆ ಅದರ ಹಲ್ಲು ಹಿಂದಕ್ಕೆ ಬಾಗಿ ದಾಟುತ್ತೆ. ರೋಟವೇಟರ್ ಬ್ಲೇಡಿಗೆ ಆ ತಾಳ್ಮೆ ಇಲ್ಲ. ಪಿಟಿಓ ಶಾಫ್ಟಿನ ಶಿಯರ್ ಬೋಲ್ಟ್ ಪದೇ ಪದೇ ಮುರೀತದೆ ಅಂತ ಗಟ್ಟಿ ಬೋಲ್ಟ್ ಹಾಕೋ ಜಾಣರಿದ್ದಾರೆ. ಅದು ಇರೋದೇ ಮುರಿಯೋಕೆ ಸ್ವಾಮಿ. ಅದು ಮುರೀದಿದ್ರೆ ಗೇರ್‌ಬಾಕ್ಸ್ ಮುರೀತದೆ. ಆಗಾಗ ನಿಲ್ಲಿಸಿ ರೇಡಿಯೇಟರ್ ಜಾಲರಿಗೆ ಮೆತ್ತಿದ ಹೊಟ್ಟು ಕೊಡವಿ, ಏರ್ ಕ್ಲೀನರ್ ನೋಡಿ. ಬಳ್ಳಿ, ತಂತಿ ಸುತ್ತಿಕೊಂಡರೆ ಎಂಜಿನ್ ಆಫ್ ಮಾಡಿದ ಮೇಲೇ ಕೈ ಹಾಕಬೇಕು. "ಪಿಟಿಓ ಬಿಡಿಸಿದ್ದೀನಲ್ಲ, ಸಾಕು" ಅನ್ನಬೇಡಿ.

ಈ ವರ್ಷದಿಂದ ನನ್ನ ನಿಯಮ ಇಷ್ಟು. ಹೊಲದವರು ನನ್ನ ಜೊತೆ ಒಂದು ಸುತ್ತು ನಡೀಬೇಕು. ಗುರುತು ಹಾಕಿದ್ದಕ್ಕೆ ತಗುಲಿಸಿದರೆ ಖರ್ಚು ನಂದು. ಗುರುತಿಲ್ಲದ್ದು ತಗುಲಿದರೆ ಅರ್ಧ ಅವರದ್ದು. ಹುಡುಗನ ಸಂಬಳ ಮಾತ್ರ ಯಾರೂ ಮುಟ್ಟಂಗಿಲ್ಲ. ಇದಕ್ಕೆ ಇಬ್ಬರು ಬೇಜಾರಾಗಿ ಬೇರೆ ಗಾಡಿ ಕರೆಸಿಕೊಂಡರು. ಕರೆಸಿಕೊಳ್ಳಲಿ. ಬಾಡಿಗೆಗೆ ಬಿಡೋ ನಾವೆಲ್ಲ ಒಂದೇ ಮಾತು ಹೇಳಿದರೆ ಅವರು ತಾನೇ ಎಲ್ಲಿಗೆ ಹೋಗ್ತಾರೆ? ಸರಿ ಕಾಣದಿದ್ರೆ ಕೆಳಗೆ ಬರೀರಿ, ಜಗಳ ಆಡೋಣ.