ಬರೆಯಲು ವಿಷಯವೇ ಇಲ್ಲವೆ?

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನಗಳನ್ನು ಕಳುಹಿಸಿರೆಂದು ಸಂಪಾದಕ ಮಂಡಲಿಯವರು ಕೇಳಿಕೊಂಡಾಗ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರಿಂದ ಬಂದ ಉತ್ತರ ಒಂದೇ: "ಗುರುಗಳೆ, ಬರೆಯುವ ಆಸೆಯೇನೋ ಇದೆ, ವಿಷಯವೇ ಹೊಳೆಯುವುದಿಲ್ಲ." ಹೀಗೆಂದವರಲ್ಲಿ ರೈತರಿದ್ದಾರೆ, ಶಿಕ್ಷಕರಿದ್ದಾರೆ, ಹೈದರಾಬಾದು ಬೆಂಗಳೂರುಗಳಲ್ಲಿ ಉದ್ಯೋಗದಲ್ಲಿರುವವರಿದ್ದಾರೆ. ಕಟ್ಟೆಯ ಮೇಲೆ ಕುಳಿತರೆ ಎರಡು ತಾಸು ಸ್ವಾರಸ್ಯವಾಗಿ ಮಾತನಾಡಬಲ್ಲ ಇವರೆಲ್ಲ ಲೇಖನಿ ಹಿಡಿದೊಡನೆ ಬರಿಗೈಯವರಾಗುವುದೇಕೆ? ಕಣ್ಣೆದುರಿನ ಬದುಕು ಬರೆಯಲು ತಕ್ಕದ್ದಲ್ಲವೆಂಬ ತಿಳಿವಳಿಕೆ ನಮ್ಮಲ್ಲಿ ಆಳವಾಗಿ ಊರಿರುವುದೇ ಇದಕ್ಕೆ ಕಾರಣವೆಂಬುದು ನನ್ನ ನಮ್ರ ಅಭಿಪ್ರಾಯ.

ಈ ತಿಳಿವಳಿಕೆಯ ಬೇರು ಶಾಲೆಗಳ ಪ್ರಬಂಧ ಪಾಠದಲ್ಲಿದೆ. 'ಗ್ರಂಥಾಲಯಗಳ ಮಹತ್ವ', 'ವಿಜ್ಞಾನದ ಸಾಧಕ ಬಾಧಕಗಳು', 'ರಾಷ್ಟ್ರೀಯ ಹಬ್ಬಗಳು' - ತಲೆಮಾರಿನಿಂದ ತಲೆಮಾರಿಗೆ ಇವೇ ಶೀರ್ಷಿಕೆಗಳು. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಮೂರು ಮೆಟ್ಟಿಲು ಹತ್ತಿದರೆ ಅಂಕಗಳು ದೊರೆಯುತ್ತವೆ. ಗ್ರಂಥಾಲಯದ ಬಾಗಿಲನ್ನೇ ಕಾಣದ ಬಾಲಕ ಅದರ ಮಹತ್ವವನ್ನು ಎರಡು ಪುಟ ಬರೆಯಬಲ್ಲ. ಓಣಿಯ ಬಾವಿಯನ್ನು ತೋಡಿಸಿದವರು ಯಾರೆಂದು ಕೇಳಿದರೆ ಮೌನವೇ ಉತ್ತರ. ಹೀಗೆ ಬೆಳೆದ ಮಕ್ಕಳು ದೊಡ್ಡವರಾದ ಮೇಲೆ ಕೈಯಲ್ಲಿ ಮೊಬೈಲಿದ್ದರೂ ಅನ್ಯರು ಬರೆದ ಸುಭಾಷಿತಗಳನ್ನೇ ದಿನಬೆಳಗಾದರೆ ಪರಸ್ಪರ ಕಳುಹಿಸಿಕೊಳ್ಳುತ್ತಾರೆ.

ವಿಷಯವನ್ನು ಹುಡುಕುವ ಬಗೆಯನ್ನು ಕಲಿಯಲು ದೂರ ಹೋಗಬೇಕಾಗಿಲ್ಲ. 1896ರಲ್ಲಿ ಜನಿಸಿದ, ನಮ್ಮ ಜಿಲ್ಲೆಯ ಇಟಿಕ್ಯಾಲಪಾಡಿನವರಾದ ಸುರವರಂ ಪ್ರತಾಪರೆಡ್ಡಿಯವರನ್ನು ನೆನೆಯೋಣ. ನಿಜಾಂ ಸೀಮೆಯಲ್ಲಿ ತೆಲುಗು ಕವಿಗಳೇ ಇಲ್ಲವೆಂಬ ಆಕ್ಷೇಪ ಬಂದಾಗ ಅವರು ವಾದಕ್ಕೆ ನಿಲ್ಲದೆ ಕವಿತೆಗಳನ್ನು ಸಂಗ್ರಹಿಸಿ, 354 ಕವಿಗಳ ರಚನೆಗಳುಳ್ಳ 'ಗೋಲಕೊಂಡ ಕವುಲ ಸಂಚಿಕ'ವನ್ನು 1934ರಲ್ಲಿ ಪ್ರಕಟಿಸಿದರು. ಮುಂದೆ ಅವರು ರಾಜರ ಯುದ್ಧಗಳನ್ನು ಬದಿಗಿರಿಸಿ, ಜನಸಾಮಾನ್ಯರ ಊಟ, ಉಡುಗೆ, ಆಟ, ಆಚಾರಗಳನ್ನೇ ವಸ್ತುವಾಗಿಸಿಕೊಂಡು ಬರೆದ 'ಆಂಧ್ರುಲ ಸಾಂಘಿಕ ಚರಿತ್ರ'ಕ್ಕೆ 1955ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಅವರು ತೆಲುಗಿಗಾಗಿ ಮಾಡಿದುದನ್ನು ಈ ಸೀಮೆಯ ಕನ್ನಡಿಗರು ಕನ್ನಡಕ್ಕಾಗಿ ಏಕೆ ಮಾಡಬಾರದು?

ನನ್ನ ಶಿಷ್ಯಮಿತ್ರರಿಗೆ ಮೂರು ಸೂಚನೆಗಳನ್ನು ಕೊಡಬಯಸುತ್ತೇನೆ. ಮೊದಲನೆಯದಾಗಿ, ವಿಷಯವನ್ನು ಕಿರಿದು ಮಾಡಿಕೊಳ್ಳಿರಿ. 'ಗದ್ವಾಲ ಸೀರೆ' ಎಂದು ಬರೆಯಹೊರಟರೆ ಎಲ್ಲರೂ ಬಲ್ಲ ನಾಲ್ಕು ಮಾತು ಬರೆದು ನಿಲ್ಲಬೇಕಾಗುತ್ತದೆ. ಹತ್ತಿಯ ಒಡಲಿಗೆ ರೇಷ್ಮೆಯ ಸೆರಗನ್ನು ಕೂಡಿಸುವ ಕೆಲಸವನ್ನು ಮಗ್ಗದ ಬಳಿ ಕುಳಿತು ಒಂದು ದಿನ ನೋಡಿ ಬರೆದರೆ ಅದು ನಿಮ್ಮದೇ ಲೇಖನವಾಗುತ್ತದೆ.

ಎರಡನೆಯದಾಗಿ, ನಮ್ಮ ಎರಡು ನುಡಿಗಳನ್ನು ಅಕ್ಕಪಕ್ಕದಲ್ಲಿರಿಸಿ ನೋಡಿರಿ. ನಾವು ಕೂರಿಗೆ ಎನ್ನುವುದನ್ನು ನೆರೆಯವರು ಗೊರ್ರು ಎನ್ನುತ್ತಾರೆ. ನಮ್ಮ ಕುಂಟೆ ಅವರಿಗೆ ಗುಂಟಕ. ನಮ್ಮ ಹರಗೋಲು ಅವರಿಗೆ ಪುಟ್ಟಿ. ಒಂದೇ ಹೊಲದಲ್ಲಿ, ಒಂದೇ ಹೊಳೆಯಲ್ಲಿ ಎರಡು ಹೆಸರುಗಳು ಹೇಗೆ ಬಾಳಿದವು? ಯಾವ ಮನೆಯಲ್ಲಿ ಯಾವ ಹೆಸರು ಉಳಿಯಿತು? ಇಂಥ ವಿಷಯ ಮೈಸೂರಿನಲ್ಲಿ ಕುಳಿತವರಿಗೆ ದೊರೆಯದು.

ಮೂರನೆಯದಾಗಿ, ಹಿರಿಯರನ್ನು ಕೇಳಿರಿ, ಕೇಳಿದ್ದನ್ನು ಅಂದೇ ನೋಟುಪುಸ್ತಕದಲ್ಲಿ ಬರೆದಿಡಿರಿ. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಅದರ ಗದ್ವಾಲ, ಆಲಂಪುರ ತಾಲೂಕುಗಳು ಆಂಧ್ರಪ್ರದೇಶಕ್ಕೆ ಬಂದವು. ಅಂದು ಹತ್ತು ವರ್ಷದ ಬಾಲಕರಾಗಿದ್ದವರು ಇಂದು ಎಂಬತ್ತರ ಆಸುಪಾಸಿನಲ್ಲಿದ್ದಾರೆ. ಶಾಲೆಯ ಪುಸ್ತಕ ಯಾವಾಗ ಬದಲಾಯಿತು, ಕಚೇರಿಯ ಅರ್ಜಿಯನ್ನು ಯಾರಿಂದ ಬರೆಸಿದರು, ರಾಯಚೂರಿನ ಬೀಗತನಗಳು ಮುಂದುವರಿದವೆ - ಇವನ್ನು ಹೇಳಬಲ್ಲವರು ಇನ್ನೆಷ್ಟು ದಿನ ನಮ್ಮೊಡನೆ ಇರುವರು? ಸೀರೆಯ ವಿಷಯವನ್ನು ಮುಂದಿನ ವರ್ಷ ಬರೆದರೂ ನಡೆದೀತು, ಇದು ಕಾಯುವಂಥದಲ್ಲ.

"ಇವೆಲ್ಲ ಹಳೆಯ ಕಥೆಗಳು, ಹೊಸಬರಿಗೆ ರುಚಿಸುವುದಿಲ್ಲ" ಎಂದು ಕೆಲವರು ಆಕ್ಷೇಪಿಸಬಹುದು. ಗೊರೂರು ರಾಮಸ್ವಾಮಿ ಅಯ್ಯಂಗಾರರು ಹೇಮಾವತಿಯ ದಡದ ತಮ್ಮೂರಿನ ಸಾಮಾನ್ಯ ಜನರನ್ನು ಕುರಿತು ಬರೆದರು. ಆ ಊರನ್ನು ಕಾಣದ ನಾವು ಈಗಲೂ ನಗುತ್ತ ಓದುತ್ತೇವೆ. ಬರಹದ ಹೊಸತನ ನೋಡುವ ಕಣ್ಣಿನಲ್ಲಿರುತ್ತದೆ. ಇಂದಿನ ವಿಷಯವೇ ಬೇಕೆಂದರೆ ಅದಕ್ಕೂ ಕೊರತೆಯಿಲ್ಲ. ಗದ್ವಾಲ ಸೀಮೆಯ ಹತ್ತಿಬೀಜದ ಹೊಲಗಳಲ್ಲಿ ಹೆಣ್ಣುಮಕ್ಕಳು ಹೂವಿನಿಂದ ಹೂವಿಗೆ ಕೈಯಿಂದಲೇ ಪರಾಗ ಸೋಕಿಸುವ ದುಡಿಮೆಯನ್ನು ಅವರ ಬಾಯಿಂದಲೇ ಕೇಳಿ ಕನ್ನಡದಲ್ಲಿ ಬರೆದವರುಂಟೆ? ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಕೆಲಸದಲ್ಲಿ ಇಂಗ್ಲಿಷು ಆಡುವ ನಮ್ಮ ತರುಣರು ಕನಸನ್ನು ಯಾವ ಭಾಷೆಯಲ್ಲಿ ಕಾಣುತ್ತಾರೆ?

ಆಲಂಪುರದ ಚಾಲುಕ್ಯರ ಗುಡಿಗಳಲ್ಲಿ ಕನ್ನಡ ಶಾಸನಗಳಿವೆ. 18ನೆಯ ಶತಮಾನದಲ್ಲಿ ಗೋಪಾಲದಾಸರು ನೆಲೆಸಿದ್ದ ಉತ್ತನೂರು ನಮ್ಮ ಜಿಲ್ಲೆಯಲ್ಲಿಯೇ ಇದೆ. ಅವರವರ ಕಾಲದವರು ಕಲ್ಲಿನಲ್ಲಿಯೋ ಹಾಡಿನಲ್ಲಿಯೋ ತಮ್ಮ ಕನ್ನಡವನ್ನು ಉಳಿಸಿಹೋದರು. ನಮ್ಮ ಕಾಲದ ಕನ್ನಡವೂ ಇಲ್ಲಿತ್ತೆಂದು ಮುಂದಿನವರಿಗೆ ತಿಳಿಯುವುದು ಹೇಗೆ? ಗಡಿಯಾಚೆಯ ವಿದ್ವಾಂಸರು ಬಂದು ಬರೆಯಲೆಂದು ಕಾಯುತ್ತ ಕುಳಿತರೆ, ಅವರು ಬರುವ ವೇಳೆಗೆ ಹೇಳುವವರೇ ಇರಲಾರರು.

ಆದುದರಿಂದ ಒಂದು ಬಿನ್ನಹ. ಶಾಲೆಯ ಶಿಕ್ಷಕ ಬಂಧುಗಳು ವಾರಕ್ಕೊಂದು ದಿನ ಪುಸ್ತಕದ ಪ್ರಬಂಧವನ್ನು ಬದಿಗಿಟ್ಟು, "ನಿಮ್ಮ ಅಜ್ಜಿಯನ್ನು ಒಂದು ಪ್ರಶ್ನೆ ಕೇಳಿ ಬಂದು ಬರೆಯಿರಿ" ಎಂದು ಮಕ್ಕಳಿಗೆ ಹೇಳಲಿ. ಹಳೆಯ ವಿದ್ಯಾರ್ಥಿಗಳು ವರ್ಷಕ್ಕೆ ಒಂದೇ ಒಂದು ಪುಟವನ್ನಾದರೂ ಶಾಲೆಗೆ ಬರೆದು ಕಳುಹಿಸಲಿ. ಕಾಗುಣಿತ ತಪ್ಪಿದರೆ ತಿದ್ದಲು ನಾವಿದ್ದೇವೆ. ಆ ಪುಟಗಳನ್ನು ಕೂಡಿಸಿ ಹೊಲಿದು ಶಾಲೆಯ ಕಪಾಟಿನಲ್ಲಿರಿಸೋಣ. ವಜ್ರ ಮಹೋತ್ಸವದ ಸಂಚಿಕೆಯನ್ನು ಸಿದ್ಧಪಡಿಸುವವರು ವಿಷಯವಿಲ್ಲವೆಂದು ಪರಿತಪಿಸದೆ, ಯಾವುದನ್ನು ಬಿಡುವುದೆಂದು ಚಿಂತಿಸುವಂತಾಗಲಿ ಎಂದು ಹಾರೈಸುತ್ತೇನೆ.