ನಿಧಾನವಾದ ಗಣಕಯಂತ್ರ ಗುಜರಿಯಲ್ಲ

ಮನೆಯ ಗಣಕಯಂತ್ರ ನಿಧಾನವಾಯಿತೆಂದರೆ ‘ಹಳೆಯದಾಯಿತು, ಹೊಸದು ತನ್ನಿ’ ಎನ್ನುವ ಮಾತು ನಮ್ಮ ಬನಶಂಕರಿಯಲ್ಲೂ ಕೇಳಿಬರುತ್ತದೆ. ಮಕ್ಕಳ ಓದಿಗೆಂದು ಕೂಡಿಟ್ಟ ಹಣದಿಂದ ಕೊಂಡ ಯಂತ್ರವನ್ನು ಕಾರಣ ತಿಳಿಯದೆ ಗುಜರಿಗೆ ಹಾಕುವುದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ.

ಹಾರ್ಡ್ ಡಿಸ್ಕಿನ ತಟ್ಟೆಗಳು ಸಾಮಾನ್ಯವಾಗಿ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತವೆ. ಒಂದೊಂದು ಮಾಹಿತಿಗೂ ಅದರ ಮುಳ್ಳು ಅತ್ತಿತ್ತ ಸರಿದಾಡಬೇಕು. ರ‍್ಯಾಮ್ ಸಾಲದಿದ್ದರೆ ಆ ಹೊರೆಯೂ ಡಿಸ್ಕಿನ ಮೇಲೆಯೇ ಬೀಳುತ್ತದೆ. ಬನದ ಹುಣ್ಣಿಮೆಯ ಜಾತ್ರೆಯ ಗದ್ದಲದಲ್ಲಿ ಎತ್ತುಗಳು ಎಷ್ಟೇ ಚುರುಕಾಗಿದ್ದರೂ ಬಂಡಿ ಸಾಗದಲ್ಲವೇ? ಇದೂ ಹಾಗೆಯೇ.

ಯಂತ್ರ ಆರಂಭವಾದೊಡನೆ ತಾವಾಗಿಯೇ ತೆರೆದುಕೊಳ್ಳುವ ಬೇಡದ ತಂತ್ರಾಂಶಗಳನ್ನು ಮೊದಲು ಟಾಸ್ಕ್ ಮ್ಯಾನೇಜರಿನಲ್ಲಿ ನಿಲ್ಲಿಸಿರಿ. ಸಾಲದಿದ್ದರೆ ಕಡತಗಳ ಪ್ರತಿ ತೆಗೆದಿಟ್ಟು, ತಿರುಗುವ ಭಾಗಗಳೇ ಇಲ್ಲದ ಎಸ್‌ಎಸ್‌ಡಿ ಹಾಕಿಸಿರಿ. ಸಾಧ್ಯವಿದ್ದರೆ 4 ಜಿಬಿ ರ‍್ಯಾಮನ್ನು 8 ಜಿಬಿಗೆ ಏರಿಸಿರಿ. ಕ್ಷಣದಲ್ಲಿ ವೇಗ ಹೆಚ್ಚಿಸುತ್ತೇವೆಂಬ ಜಾಹೀರಾತುಗಳನ್ನು ಮಾತ್ರ ನಂಬದಿರಿ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಅನೇಕ ಹಳೆಯ ಯಂತ್ರಗಳಲ್ಲಿಲ್ಲ. ಹಾಗೆಂದು ಅವು ಕೆಟ್ಟಿಲ್ಲ. ಉಚಿತವಾಗಿ ದೊರೆಯುವ ಲಿನಕ್ಸ್ ಮಿಂಟ್ ಅವುಗಳಲ್ಲಿ ಹಲವಕ್ಕೆ ಹೊಂದುತ್ತದೆ. ಕನ್ನಡ ಯೂನಿಕೋಡ್ ಬರವಣಿಗೆಯೂ ಅದರಲ್ಲಿ ಸಾಧ್ಯ.

ಗಾಲಿ ಸವೆದರೆ ನಮ್ಮ ಹಿರಿಯರು ಗಾಲಿ ಬದಲಿಸಿದರು, ಬಂಡಿಯನ್ನು ಎಸೆಯಲಿಲ್ಲ. ನೀವೇನನ್ನುತ್ತೀರಿ?